ಅಕ್ಕನ ಆರುನೂರು ಶೇರು

ಗ್ಯಾಸ್ ಕಂಪನಿಯಲ್ಲಿ ಮೀಟರ್ ಓದುವ ಕೆಲಸಕ್ಕೆ ಸೇರಿ ಇಪ್ಪತ್ತೆಂಟು ವರ್ಷವಾಗುವಷ್ಟರಲ್ಲಿ ಮುಳ್ಳಣ್ಣನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಮೀಟರಿನ ಮುಳ್ಳು ನೋಡುವವನು ಎಂದು ಯಾವುದೋ ಮನೆಯ ಅಜ್ಜಿ ಇಟ್ಟ ಹೆಸರು ಬೀದಿ ದಾಟಿ, ಆಫೀಸು ದಾಟಿ, ಕೊನೆಗೆ ಸ್ವಂತ ಅಕ್ಕನ ಬಾಯಿಗೂ ಬಂದು ಕೂತಿತ್ತು.

ತಿಂಗಳಿಗೊಮ್ಮೆ ಹಾಕುವ ಅವನ ಸುತ್ತಿನಲ್ಲಿ ಎಂಟುನೂರ ನಲವತ್ತು ಮೀಟರು. ಮೀಟರನ್ನು ಎಲ್ಲಿ ಇಡಬಾರದೋ ಜನ ಅಲ್ಲಿಯೇ ಇಡಿಸಿಕೊಂಡಿರುತ್ತಾರೆ. ಮೆಟ್ಟಿಲ ಕೆಳಗೆ, ಪೊರಕೆಗಳ ಹಿಂದೆ, ನಾಯಿ ಕಟ್ಟುವ ಮೂಲೆಯಲ್ಲಿ. ಮುಳ್ಳಣ್ಣ ಮಂಡಿಯೂರಿ, ಟಾರ್ಚು ಬಿಟ್ಟು, ಗಡಿಯಾರದಂಥ ನಾಲ್ಕು ಪುಟ್ಟ ಮುಖಗಳ ನಾಲ್ಕು ಮುಳ್ಳು ಓದುತ್ತಿದ್ದ. ಅಕ್ಕಪಕ್ಕದ ಮುಳ್ಳುಗಳು ಎದುರುಬದುರಾಗಿ ತಿರುಗುತ್ತವೆ, ಒಂದು ಬಲಕ್ಕೆ ಹೋದರೆ ಪಕ್ಕದ್ದು ಎಡಕ್ಕೆ. ಹೊಸಬರು ಮೊದಲ ತಿಂಗಳು ಇದರಲ್ಲೇ ಎಡವುತ್ತಾರೆ. ಮುಳ್ಳು ಎರಡು ಅಂಕಿಯ ನಡುವೆ ನಿಂತಿದ್ದರೆ ಚಿಕ್ಕದನ್ನೇ ಬರೆಯಬೇಕು ಎನ್ನುವುದು ಆ ಕೆಲಸದ ನಿಯಮ. ಮುಳ್ಳಣ್ಣ ಅದನ್ನು ಬಾಳಿಗೂ ಅನ್ವಯಿಸಿಕೊಂಡಿದ್ದ. ಮದುವೆಯ ವಿಚಾರದಲ್ಲಿ ಆಗಲೋ ಬೇಡವೋ ಎಂದು ನಡುವೆ ನಿಂತು, ಕೊನೆಗೆ ಸೊನ್ನೆ ಬರೆದುಕೊಂಡವನು.

ತಾಯಿ ಸತ್ತಾಗ ಅವನಿಗೆ ಆರು ವರ್ಷ, ಅಕ್ಕನಿಗೆ ಹದಿನೇಳು. ಸಾಕಿದವಳು ಅವಳೇ. ಈಗ ಅವಳದು ಪಾತ್ರೆ ಬಾಡಿಗೆಯ ಅಂಗಡಿ. ನೂರಾರು ಜನ ಉಣ್ಣುವ ಕಡೆಗೆ ಬೇಕಾಗುವ ಹಂಡೆ, ಕೊಳಗ, ಸೌಟು, ತಟ್ಟೆ, ಗಾಜಿನ ಲೋಟ ಎಲ್ಲ ಅವಳಲ್ಲಿ ದಿನದ ಬಾಡಿಗೆಗೆ ಸಿಗುತ್ತಿತ್ತು. ವಾಪಸು ಬಂದ ಹಂಡೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿ, ಸದ್ದು ಕೇಳಿ, ಎಲ್ಲಿ ಬೀಳಿಸಿದ್ದಾರೆ ಎಂದು ಹೇಳಬಲ್ಲವಳು. ಗಿರಾಕಿ ಇಲ್ಲವೆಂದರೆ ಇನ್ನೊಮ್ಮೆ ಕುಟ್ಟುವಳು. ಎರಡನೇ ಸಲಕ್ಕೆ ಯಾವ ಗಿರಾಕಿಯೂ ವಾದಿಸಿದ್ದಿಲ್ಲ.

ಕಂಪನಿ ಮೊದಲ ಸಲ ಶೇರನ್ನು ಜನರಿಗೆ ಮಾರಲು ಹೊರಟಾಗ ನೌಕರರ ಮನೆಯವರಿಗೆಂದು ಒಂದು ಪಾಲು ಇಟ್ಟಿತ್ತು. ಮುಳ್ಳಣ್ಣ ತನಗೆಂದು ಹತ್ತು ಶೇರು ಕೊಂಡ. ಅಕ್ಕ, ಗಂಡ ಬಿಟ್ಟುಹೋದ ಸಾಮಾನು ಸಾಗಿಸುವ ವ್ಯಾನನ್ನು ಮಾರಿ ಬಂದದ್ದನ್ನೆಲ್ಲ ಹಾಕಿ ಹನ್ನೆರಡು ನೂರು ಕೊಂಡಳು. ಅದರ ಡಿವಿಡೆಂಡು ಅಂಗಡಿಯ ವರ್ಷದ ಬಾಡಿಗೆಗೆ ಸರಿಹೋಗುತ್ತಿತ್ತು. ಪಾತ್ರೆಯಿಂದ ಬಂದದ್ದು ಮನೆಗೆ, ಗ್ಯಾಸಿನಿಂದ ಬಂದದ್ದು ಅಂಗಡಿಗೆ. ಇಷ್ಟೇ ಅವಳ ಅರ್ಥಶಾಸ್ತ್ರ, ಅದು ಚೆನ್ನಾಗಿಯೇ ನಡೆದಿತ್ತು.

ಕೆಡಿಸಿದವನು ತಮ್ಮ. ಎಂಟು ವರ್ಷದ ಹಿಂದೆ ಅವನ ಬೀದಿಗಳಲ್ಲಿ ಮುಳ್ಳುಗಳು ಮಂದವಾಗತೊಡಗಿದವು. ಎರಡು ಬ್ರೆಡ್ ಭಟ್ಟಿ ಮುಚ್ಚಿದವು, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಬೀಗ ಜಡಿಯಿತು, ದೊಡ್ಡ ಲಾಂಡ್ರಿ ಊರಾಚೆ ಹೋಯಿತು. ಮುಳ್ಳಣ್ಣ ನಾಲ್ಕು ತಿಂಗಳು ನೋಡಿ, ಕಂಪನಿ ಮುಳುಗುತ್ತಿದೆ, ಅರ್ಧವಾದರೂ ಮಾರಿಬಿಡು ಎಂದು ಅಕ್ಕನ ಕಿವಿಯಲ್ಲಿ ಊದಿದ. ಅವಳು ಆರುನೂರು ಮಾರಿದಳು. ಅದೇ ಹೊತ್ತಿಗೆ ನದಿಯ ಆಚೆ ದಡದಲ್ಲಿ ಹೊಸ ಬಡಾವಣೆಗಳಿಗೆ ಪೈಪು ಹಾಕುತ್ತಿದ್ದರು. ಮುಳ್ಳಣ್ಣ ನದಿ ದಾಟಿದವನಲ್ಲ, ಅವನ ಸುತ್ತು ಸೇತುವೆಯ ಈಚೆಗೇ ಮುಗಿಯುತ್ತಿತ್ತು. ಎರಡೇ ವರ್ಷದಲ್ಲಿ ಶೇರು ದುಪ್ಪಟ್ಟಾಯಿತು. ಅಕ್ಕ ಬೈಯಲಿಲ್ಲ. ಬೈದಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತು. ಅದರ ಬದಲು ಮನೆಗೆ ಬಂದವರಿಗೆಲ್ಲ ಅವನನ್ನು "ಇವನು ನನ್ನ ತಮ್ಮ, ಅರ್ಧಜ್ಞಾನಿ" ಎಂದು ಪರಿಚಯಿಸತೊಡಗಿದಳು. ಡಿವಿಡೆಂಡು ಏರಿದ್ದರೂ ಉಳಿದ ಆರುನೂರರಿಂದ ಅಂಗಡಿಯ ಎಂಟು ತಿಂಗಳ ಬಾಡಿಗೆ ಮಾತ್ರ ಹೊರಡುತ್ತಿತ್ತು. ಮಿಕ್ಕ ನಾಲ್ಕು ತಿಂಗಳ ಬಾಡಿಗೆ ಕೊಡುವಾಗಲೆಲ್ಲ ತಮ್ಮನನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದಳು.

ಆಮೇಲೆ ಕಂಪನಿಯವರು ನೌಕರರಿಂದ ಒಂದು ಕಾಗದಕ್ಕೆ ರುಜು ಹಾಕಿಸಿಕೊಂಡರು. ಕೆಲಸದಲ್ಲಿ ತಿಳಿದ ಕಂಪನಿಯ ಅಂಕಿಅಂಶವನ್ನು ಶೇರುಳ್ಳ ನೆಂಟರಿಗೆ ಹೇಳಬಾರದು. ಉಳಿದವರು ಓದದೆ ರುಜು ಹಾಕಿದರು. ಮುಳ್ಳಣ್ಣ ಎರಡು ಸಲ ಓದಿ ಹಾಕಿದ. ಅವನಿಗೆ ಆ ಕಾಗದ ಹೊರೆ ಇಳಿಸಿದ ಹಾಗಿತ್ತು.

ಈ ನೆಮ್ಮದಿಗೆ ಕಲ್ಲು ಬಿದ್ದದ್ದು ಅಕ್ಕನ ಅಳಿಯನಿಂದ. ಅವನು ಕಾಗದ ಮಾರುವ ಸಗಟು ಅಂಗಡಿಯಲ್ಲಿ ಗುಮಾಸ್ತ. ಪತ್ರಿಕೆಯಲ್ಲಿ ಪೇಟೆ ಪುಟ ಮೊದಲು ಓದುವವನು, ಒಂದೂ ಶೇರಿಲ್ಲದವನು. ಈಜು ಬಾರದವನು ದಡದಲ್ಲಿ ನಿಂತು ಕೈ ಹೇಗೆ ಬೀಸಬೇಕೆಂದು ಹೇಳುವ ಹಾಗೆ ಅವನ ಸಲಹೆ. ಒಂದು ಭಾನುವಾರ ಪತ್ರಿಕೆ ಹಿಡಿದು ಬಂದ. ಗ್ಯಾಸ್ ಕಂಪನಿಯ ಆದಾಯ ಒಂದೇ ವರ್ಷದಲ್ಲಿ ನೂರಕ್ಕೆ ಇಪ್ಪತ್ತೊಂದರಷ್ಟು ಕುಸಿದಿತ್ತು. ಶೇರು ಮೂರರಲ್ಲಿ ಒಂದು ಪಾಲು ಇಳಿದಿತ್ತು. ಪೂರ್ತಿ ನೆಲಕಚ್ಚುವ ಮೊದಲು ಮಾರಿ, ಬಂದದ್ದನ್ನು ಬ್ಯಾಂಕಿನಲ್ಲಿ ಠೇವಣಿ ಇಡಿ ಎಂದು ಅತ್ತೆಗೆ ಹೇಳಿದ. ಠೇವಣಿಯ ಬಡ್ಡಿ ಅಂಗಡಿಯ ಮೂರು ತಿಂಗಳ ಬಾಡಿಗೆಗೂ ಸಾಲದು. ಹಾಗಾದರೆ ಅಂಗಡಿ ಮುಚ್ಚಬೇಕು. ಮಾರದೆ ಇಟ್ಟುಕೊಂಡು ಕಂಪನಿ ಮುಳುಗಿದರೆ ಆಗಲೂ ಮುಚ್ಚಬೇಕು. ಅಕ್ಕನ ಎದುರಿಗಿದ್ದ ಪ್ರಶ್ನೆ ಇಷ್ಟು ನೇರವಾಗಿತ್ತು, ಮುಳುಗುತ್ತಿದೆಯೋ ಇಲ್ಲವೋ.

ಅವಳು ತಮ್ಮನನ್ನು ಕರೆಸಿದಳು. ಎಂಟು ವರ್ಷದಲ್ಲಿ ಮೊದಲ ಸಲ ಅವನನ್ನು ಏನಾದರೂ ಕೇಳಿದ್ದು.

"ಹೇಳೋ. ಹೇಗಿದೆ ನಿಮ್ಮ ಕಂಪನಿ?"

"ಹೇಳೋ ಹಾಗಿಲ್ಲ ಅಕ್ಕ. ರುಜು ಹಾಕಿದೀನಿ."

"ಹೇಳಬಾರದಾಗಿದ್ದಾಗ ಹೇಳಿದೆ. ಈಗ ಕೇಳಿದರೆ ರುಜು ಅಂತೀಯ. ನಿನ್ನ ಬಾಯಿಗೂ ಮೀಟರ್ ಇಟ್ಟಿದಾರಾ?"

ಮುಳ್ಳಣ್ಣನಿಗೆ ಗೊತ್ತಿತ್ತು, ಅದೇ ತೊಂದರೆ. ಮೊದಲ ತಪ್ಪಿನ ಮೇಲೆ ಅವನು ಬಾವಿಯ ಕಪ್ಪೆಯಾಗಿ ಉಳಿದಿರಲಿಲ್ಲ. ತಿಂಗಳ ಕೊನೆಗೆ ಹದಿನಾಲ್ಕು ಸುತ್ತಿನವರೂ ಆಫೀಸಿನಲ್ಲಿ ಪುಸ್ತಕ ಒಪ್ಪಿಸಲು ಸೇರಿದಾಗ, ಟೀ ಕುಡಿಯುತ್ತ ಪ್ರತಿಯೊಬ್ಬನ ಬೀದಿಯ ಸುದ್ದಿಯನ್ನೂ ಬಿಡಿಸಿ ಕೇಳುತ್ತಿದ್ದ. ಕಳೆದ ಚಳಿಗಾಲದಲ್ಲಿ ನದಿಯ ಎರಡೂ ದಡಗಳಲ್ಲಿ ಮುಳ್ಳು ಚುರುಕಾಗಿ ಓಡಿತ್ತು. ಅದಕ್ಕೆ ಹಿಂದಿನ ಎರಡು ವರ್ಷ, ಆದಾಯ ಏರಿತೆಂದು ಪತ್ರಿಕೆಯವರು ಹಾಡಿ ಹೊಗಳುತ್ತಿದ್ದಾಗ, ಮುಳ್ಳು ನಿಜವಾಗಿ ಮಂದವಾಗಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ, ದುಡ್ಡು ಒಂದು ಕಡೆ, ಗ್ಯಾಸು ಒಂದು ಕಡೆ. ಒಂದೇ ಮೀಟರಿನ ಅಕ್ಕಪಕ್ಕದ ಮುಳ್ಳುಗಳಂತೆ. ಇದನ್ನು ಅಕ್ಕನಿಗೆ ಹೇಳಿದರೆ ಕೆಲಸ ಹೋಗುತ್ತದೆ, ಪಿಂಚಣಿಗೆ ಮೂರು ವರ್ಷ ಬಾಕಿ. ಹೇಳದಿದ್ದರೆ ಅವಳು ಅಳಿಯನ ಮಾತು ಕೇಳಿ ಮಾರುತ್ತಾಳೆ, ಅಂಗಡಿ ಹೋಗುತ್ತದೆ, ಮಿಕ್ಕ ಅರ್ಧವನ್ನೂ ಕಳೆದ ಹೆಸರು ತನಗೇ ಬರುತ್ತದೆ.

ಹತ್ತು ದಿನ ಅವನು ಅಕ್ಕನ ಬೀದಿಯನ್ನೇ ತಪ್ಪಿಸಿ ಓಡಾಡಿದ. ಆಮೇಲೆ ಒಂದು ಉಪಾಯ ಹೊಳೆಯಿತು. ತಾನು ಹೇಳಬಾರದು, ಸರಿ. ಕಂಪನಿಯೇ ಹೇಳಿದರೆ? ವರ್ಷಕ್ಕೊಮ್ಮೆ ಶೇರುದಾರರ ಸಭೆ ನಡೆಯುತ್ತದೆ. ಹತ್ತು ಶೇರಿನವನೂ ಎದ್ದು ಪ್ರಶ್ನೆ ಕೇಳಬಹುದು. ಅಕ್ಕ ಪಕ್ಕದಲ್ಲಿ ಕೂತಿದ್ದರೆ ಉತ್ತರ ಅವಳ ಕಿವಿಗೂ ಬೀಳುತ್ತದೆ. ಏನು ಕೇಳಬೇಕೆಂದು ಅವಳಿಗೇ ಹೇಳಿಕೊಟ್ಟರೆ ಅದೂ ಹೇಳಿದ ಹಾಗೆಯೇ ಎಂದು ಅವನ ಲೆಕ್ಕ. ಆದ್ದರಿಂದ ತಾನೇ ಏಳಬೇಕು, ಮೇಲಧಿಕಾರಿಗಳ ಕಣ್ಣೆದುರಿಗೆ.

ಸಭೆ ಒಂದು ದೊಡ್ಡ ಸಭಾಂಗಣದಲ್ಲಿತ್ತು. ಬಂದವರಲ್ಲಿ ಮುಕ್ಕಾಲು ಪಾಲು ನಿವೃತ್ತರು. ಅಕ್ಕ ಕುರ್ಚಿಗಳನ್ನು ಕಣ್ಣಲ್ಲೇ ಎಣಿಸಿ, ಇವರಿಗೆ ಬಾಡಿಗೆಗೆ ಕೊಟ್ಟವನು ಚೆನ್ನಾಗಿ ಬೋಳಿಸಿದ್ದಾನೆ ಎಂದಳು. ಅಧ್ಯಕ್ಷರು ಪರದೆಯ ಮೇಲೆ ಕೆಳಗಿಳಿಯುವ ಗೆರೆಯೊಂದನ್ನು ತೋರಿಸಿ, ಕಂಪನಿಯ ಬುಡ ಗಟ್ಟಿಯಾಗಿದೆ ಎಂದು ಮೂರು ಸಲ ಹೇಳಿದರು. ಮೂರು ಸಲ ಹೇಳಿದ್ದರಿಂದ ಯಾರೂ ನಂಬಲಿಲ್ಲ. ಮೊದಲ ಪ್ರಶ್ನೆ ಕೇಳಿದ ಮುದುಕರೊಬ್ಬರು ಹೋದ ವರ್ಷ ಸಭೆಗೆ ಬಂದವರಿಗೆ ಕೊಟ್ಟ ಪೊಟ್ಟಣದಲ್ಲಿ ನಾಲ್ಕು ಬಿಸ್ಕತ್ತಿದ್ದವು, ಈ ವರ್ಷ ಮೂರೇ ಇವೆ, ಇದು ಕುಸಿತವಲ್ಲದೆ ಇನ್ನೇನು ಎಂದರು. ಅವರಿಗೆ ಬಿದ್ದಷ್ಟು ಚಪ್ಪಾಳೆ ಅಧ್ಯಕ್ಷರಿಗೆ ಬಿದ್ದಿರಲಿಲ್ಲ.

ಮುಳ್ಳಣ್ಣ ಎದ್ದ. ಮೂರನೇ ಸಾಲಿನಲ್ಲಿ ಕೂತಿದ್ದ ಅವನ ಮೇಲ್ವಿಚಾರಕ ತಿರುಗಿ ನೋಡಿದ. ಮುಳ್ಳಣ್ಣನ ದನಿ ಬಾಗಿಲು ತಟ್ಟಿ "ಮೀಟರ್" ಎಂದು ಕೂಗುವವನದು, ಮೈಕು ಬೇಕಾಗಲಿಲ್ಲ.

"ದುಡ್ಡಿನ ಲೆಕ್ಕ ತೋರಿಸಿದಿರಿ ಸರ್. ಪೈಪಲ್ಲಿ ಗ್ಯಾಸ್ ಎಷ್ಟು ಹೋಯ್ತು? ಹೋದ ವರ್ಷ ಎಷ್ಟು, ಈ ವರ್ಷ ಎಷ್ಟು?"

ಅಧ್ಯಕ್ಷರು ಪಕ್ಕದಲ್ಲಿದ್ದ ಹಣಕಾಸಿನ ಅಧಿಕಾರಿಯತ್ತ ನೋಡಿದರು. ಆಕೆ ಕನ್ನಡಕ ಸರಿಮಾಡಿಕೊಂಡು ಹೇಳಿದರು, "ವರದಿ ಪುಸ್ತಕದ ಕೊನೆಯಲ್ಲಿ ಒಂದು ಪಟ್ಟಿ ಇದೆ. ಗ್ಯಾಸ್ ಎಷ್ಟು, ಪೈಪಿನ ಬಾಡಿಗೆ ಎಷ್ಟು, ಹೊಸ ಮನೆ ಎಷ್ಟು, ಎಲ್ಲ ಇದೆ. ಪ್ರತಿ ವರ್ಷ ಹಾಕ್ತೀವಿ. ಪ್ರತಿ ಶೇರುದಾರರಿಗೂ ಅಂಚೆಯಲ್ಲಿ ಕಳಿಸ್ತೀವಿ. ಇದುವರೆಗೆ ಯಾರೂ ಕೇಳಿರಲಿಲ್ಲ."

ಮುಳ್ಳಣ್ಣ ಕುಳಿತ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದವರನ್ನು ಜನ ನೋಡಿ ನಗುತ್ತಾರೆ. ಇವನು ಕೂಸನ್ನು ಯಾರಿಗೂ ತೋರಿಸುವುದಿಲ್ಲ ಎಂದು ಪಣ ತೊಟ್ಟು ಹತ್ತು ದಿನ ಬೆವರಿದ್ದ. ಅವನ ಹತ್ತು ಶೇರಿನ ಲೆಕ್ಕಕ್ಕೂ ಒಂದು ಪುಸ್ತಕ ಬರುತ್ತಿತ್ತು. ರುಜು ಹಾಕಿದ್ದೇನೆಂಬ ಭಯಕ್ಕೆ ಅವನು ಅದರ ಲಕೋಟೆಯನ್ನೇ ಒಡೆಯದೆ ಆಫೀಸಿಗೆ ಹಿಂದಿರುಗಿಸುತ್ತಿದ್ದ.

"ಇದನ್ನಾ ನೀನು ಹೊಟ್ಟೇಲಿಟ್ಟುಕೊಂಡು ತಿರುಗ್ತಿದ್ದಿದ್ದು?" ಎಂದಳು ಅಕ್ಕ, ತಗ್ಗಿದ ದನಿಯಲ್ಲಿ. "ನಡಿ ಮನೆಗೆ. ಐದು ವರ್ಷದ ಪುಸ್ತಕ ಇದೆ ನನ್ನ ಹತ್ತಿರ."

ಇದ್ದವು, ಆದರೆ ಪುಸ್ತಕದ ರೂಪದಲ್ಲಿರಲಿಲ್ಲ. ವರದಿಯ ಕಾಗದ ದಪ್ಪ, ನುಣುಪು, ಗಾಜಿನ ಲೋಟ ಸುತ್ತಿಡಲು ಅದಕ್ಕಿಂತ ಒಳ್ಳೆಯದು ಪೇಟೆಯಲ್ಲಿ ಸಿಗದು. ಐದು ವರ್ಷದ ಕಂಪನಿ ಅವಳ ಅಂಗಡಿಯ ಹದಿನೆಂಟು ಪೆಟ್ಟಿಗೆಗಳಲ್ಲಿ ಲೋಟಲೋಟಕ್ಕೆ ಹಂಚಿಹೋಗಿತ್ತು. ಮರುದಿನ ಬೆಳಿಗ್ಗೆ ಅಳಿಯನನ್ನೂ ಕರೆಸಿಕೊಂಡು ಮೂವರೂ ಅಂಗಡಿಯ ನೆಲದ ಮೇಲೆ ಕೂತು ಲೋಟ ಬಿಚ್ಚತೊಡಗಿದರು. ಅಧ್ಯಕ್ಷರ ಭಾವಚಿತ್ರ ಸುತ್ತಿದ ಲೋಟಗಳೇ ಹನ್ನೊಂದು ಸಿಕ್ಕವು. ಒಂದು ಲೋಟವನ್ನು ಅಳಿಯ ಒಡೆದ. ಅತ್ತೆ ಅದರ ಬೆಲೆ ಹೇಳಿದಳು, ಅವನು ಕೊಡಲಿಲ್ಲ, ಅವಳು ಮರೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಐದು ವರ್ಷದ ಐದು ಪಟ್ಟಿಗಳು ನೆಲದ ಮೇಲೆ ಸಾಲಾಗಿ ಮಲಗಿದ್ದವು. ಒಂದರ ಮೇಲೆ ಲೋಟದ ಗುಂಡು ಗುರುತು ಬಿದ್ದಿತ್ತು, ಅಂಕಿ ಮಾತ್ರ ಕಾಣುತ್ತಿತ್ತು.

ಅಳಿಯ ಓದಿ ಹೇಳಿದ. ಆದಾಯದ ಸಾಲು ಹುಚ್ಚು ಕುದುರೆಯಂತೆ. ಒಂದು ವರ್ಷ ಸ್ವಲ್ಪ ಏರು, ಮುಂದಿನ ವರ್ಷ ಭಾರಿ ಏರು, ಇನ್ನೊಂದು ಏರು, ಈಗ ದಡಾರನೆ ಇಳಿತ. ಗ್ಯಾಸಿನ ಸಾಲಿನಲ್ಲಿ ಅಂಥ ಕುಣಿತವಿರಲಿಲ್ಲ. ಆದಾಯ ಏರಿದ ವರ್ಷಗಳಲ್ಲಿ ಅದು ತುಸು ಇಳಿದು, ಕುಸಿದ ವರ್ಷದಲ್ಲಿ ನೂರಕ್ಕೆ ನಾಲ್ಕು ಏರಿತ್ತು. ಪೈಪಿನ ಬಾಡಿಗೆಯ ಸಾಲು ಮಾತ್ರ ಅತ್ತಿತ್ತ ನೋಡದೆ ವರ್ಷಕ್ಕೊಂದು ಮೆಟ್ಟಿಲು ಹತ್ತಿತ್ತು. ಕೆಳಗೆ ಸಣ್ಣಕ್ಷರದಲ್ಲಿ ಬರೆದಿತ್ತು, ಕಂಪನಿ ಗ್ಯಾಸನ್ನು ಕೊಂಡ ಬೆಲೆಗೇ ಮನೆಗಳಿಗೆ ಕೊಡಬೇಕು, ಅದರಲ್ಲಿ ಲಾಭ ಇಟ್ಟುಕೊಳ್ಳುವಂತಿಲ್ಲ, ದುಡಿಮೆ ಗ್ಯಾಸನ್ನು ಮನೆಗೆ ಮುಟ್ಟಿಸುವುದಕ್ಕೆ ಪಡೆಯುವ ಪೈಪಿನ ಬಾಡಿಗೆಯಿಂದ ಮಾತ್ರ.

ಅಳಿಯ ಎರಡು ಸಲ ಓದಿ, ಅರ್ಥವಾಗಲಿಲ್ಲ ಎಂದ. ಅಕ್ಕನಿಗೆ ಒಂದೇ ಸಲಕ್ಕೆ ಆಯಿತು.

"ಇದರಲ್ಲಿ ಏನಿದೆ ಅರ್ಥ ಆಗದೆ ಇರೋದು? ನನ್ನ ಹಂಡೇಲಿ ಜನ ಅಕ್ಕಿ ಬೇಯಿಸ್ತಾರೆ. ಅಕ್ಕಿ ತುಟ್ಟಿ ಆದರೆ ಅಡುಗೆ ಖರ್ಚು ಏರುತ್ತೆ, ಅಗ್ಗ ಆದರೆ ಇಳಿಯುತ್ತೆ. ನನಗೇನು? ನನಗೆ ಬರೋದು ಹಂಡೆ ಬಾಡಿಗೆ. ಇವರು ಅಕ್ಕಿ ದುಡ್ಡನ್ನೂ ಸೇರಿಸಿ ಆದಾಯ ಅಂತ ಬರೀತಾರೆ, ಪೇಪರಿನವರು ಅದನ್ನ ನೋಡಿ ಅಳ್ತಾರೆ."

ಮುಳ್ಳಣ್ಣನಿಗೆ ಎದೆಯ ಮೇಲಿನ ಚಪ್ಪಡಿ ಎತ್ತಿದಂತಾಯಿತು. ಹಾಗಾದರೆ ಮಾರುವುದಿಲ್ಲ ತಾನೇ ಎಂದು ಕೇಳಿದ. ಗ್ಯಾಸ್ ಅಗ್ಗವಾಗಿದೆ, ಬಿಲ್ಲು ಇಳಿದಿದೆ, ಮುಳ್ಳು ಓಡುತ್ತಿದೆ, ಹೆದರುವಂಥದ್ದೇನೂ ಇಲ್ಲ ಎಂದು, ಇಷ್ಟು ದಿನ ನುಂಗಿಕೊಂಡಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ. ಈಗ ಅದು ಅಚ್ಚಾದ ಮಾತು, ಯಾರೂ ತಪ್ಪು ಹಿಡಿಯುವಂತಿರಲಿಲ್ಲ.

ಅಕ್ಕ ಅವನ ಮಾತು ಕೇಳುತ್ತಿರಲಿಲ್ಲ. ಅವಳ ಬೆರಳು ಐದು ಹಾಳೆಗಳಲ್ಲೂ ಒಂದೇ ಸಾಲಿನ ಮೇಲೆ ಓಡುತ್ತಿತ್ತು. ಆ ವರ್ಷ ಹೊಸದಾಗಿ ಮೀಟರ್ ಹಾಕಿಸಿಕೊಂಡ ಮನೆಗಳು. ಒಂಬತ್ತು ಸಾವಿರ, ಎಂಟೂವರೆ, ಏಳು, ಐದು, ನಾಲ್ಕು.

"ಇದು ನೋಡಿದೀಯಾ?"

ಮುಳ್ಳಣ್ಣ ನೋಡಿರಲಿಲ್ಲ. ಇದ್ದ ಮೀಟರಿನ ಮುಳ್ಳು ಎಷ್ಟು ಓಡಿತೆಂದು ಹದಿನಾಲ್ಕು ಜನರನ್ನು ಕೇಳಿದ್ದ. ಹಾಕದ ಮೀಟರಿಗೆ ಮುಳ್ಳಿರುವುದಿಲ್ಲ, ಅದನ್ನು ಓದುವ ಕೆಲಸಕ್ಕೆ ಕಂಪನಿ ಯಾರನ್ನೂ ಇಟ್ಟಿರಲಿಲ್ಲ. ಹೊಸ ಮನೆ ಕಟ್ಟುವವರು ಈಗ ಕರೆಂಟಿನ ಒಲೆಯೇ ಸಾಕೆನ್ನುತ್ತಾರೆ ಎಂದು ಆಚೆ ದಡದವನೊಬ್ಬ ಟೀ ಕುಡಿಯುವಾಗ ಹೇಳಿದ್ದುಂಟು. ಮುಳ್ಳಣ್ಣ ಅದನ್ನು ಹರಟೆಯೆಂದು ಬಿಟ್ಟಿದ್ದ.

"ಹಳೇ ಗಿರಾಕಿ ಇದಾನೆ, ಬಾಡಿಗೆ ಕೊಡ್ತಾನೆ," ಎಂದಳು ಅಕ್ಕ. "ಹೊಸ ಗಿರಾಕಿ ಬರೋದು ನಿಲ್ತಾ ಇದೆ. ಇದು ಇವತ್ತು ಮುಳುಗೋ ಅಂಗಡಿ ಅಲ್ಲ. ಹಾಗಂತ ಮೊಮ್ಮಕ್ಕಳಿಗೆ ಬಿಟ್ಟು ಹೋಗೋ ಅಂಗಡೀನೂ ಅಲ್ಲ."

"ಹಾಗಾದರೆ ಮಾರಿಬಿಡಿ ಅತ್ತೆ, ನಾನು ಹೇಳಿದ್ದೂ ಅದೇ," ಎಂದ ಅಳಿಯ.

"ಎಲ್ಲರೂ ಅಳ್ತಿರುವಾಗ ಯಾರಪ್ಪ ಮಾರ್ತಾರೆ? ನಗೋ ಕಾಲ ಬರಲಿ."

ಅದು ಎರಡು ವರ್ಷಕ್ಕೆ ಬಂತು. ಆ ಚಳಿಗಾಲ ಹಲ್ಲು ಕಟಕಟಿಸುವಂಥದ್ದು, ಗ್ಯಾಸಿನ ಬೆಲೆಯೂ ಗಗನಕ್ಕೇರಿತು. ಬಿಲ್ಲು ಹಿಡಿದು ಜನ ಮುಳ್ಳಣ್ಣನನ್ನು ಬಾಗಿಲಲ್ಲೇ ಬೈದರು. ಒಬ್ಬಳು ನಾಯಿಯನ್ನು ಬಿಚ್ಚಿಯೇ ಬಿಟ್ಟಳು. ಪತ್ರಿಕೆಯಲ್ಲಿ ಕಂಪನಿಯ ಆದಾಯ ಹಿಂದೆಂದೂ ಕಾಣದಷ್ಟು ಏರಿದೆ ಎಂದು ಬಂತು. ಶೇರು ಏರಿತು. ಅಳಿಯ ಪತ್ರಿಕೆ ಹಿಡಿದು ಓಡಿ ಬಂದು, ಇಂಥ ಕಂಪನಿಯನ್ನು ಬಿಡಬಾರದು, ತಾನೂ ಐವತ್ತು ಶೇರು ಕೊಳ್ಳುತ್ತಿದ್ದೇನೆ ಎಂದ. ಅಕ್ಕ ಆಗತಾನೆ ಅಂಚೆಯಲ್ಲಿ ಬಂದಿದ್ದ ವರದಿಯ ಪಟ್ಟಿಯನ್ನು ತೆಗೆದು, ಹೊಸ ಮನೆಗಳ ಸಾಲು ನೋಡಿದಳು. ಎರಡು ಸಾವಿರದ ಮುನ್ನೂರು. ಮರುದಿನ ಆರುನೂರನ್ನೂ ಮಾರಿದಳು. ಅಳಿಯ ಅದೇ ದಿನ ಐವತ್ತು ಕೊಂಡ. ಅತ್ತೆಯದೇ ಐವತ್ತು ಅಳಿಯನ ಕೈ ಸೇರಿದ್ದರೂ ಇರಬಹುದು, ಪೇಟೆಯಲ್ಲಿ ಕೊಟ್ಟವರಾರು ಕೊಂಡವರಾರು ಎಂದು ಯಾರಿಗೂ ತಿಳಿಯುವುದಿಲ್ಲ.

ಮುಳ್ಳಣ್ಣನಿಗೆ ಬೇಸರವಾಯಿತು. ಮಾರಿದ್ದಕ್ಕಿಂತ, ಮಾರುವ ಮೊದಲು ಒಂದು ಮಾತು ಕೇಳಲಿಲ್ಲವಲ್ಲ ಎಂದು. ತನ್ನ ಹತ್ತು ಶೇರನ್ನು ಅವನು ಮುಟ್ಟಲಿಲ್ಲ. ಅನ್ನ ಕೊಟ್ಟ ಕಂಪನಿ ಎಂದ. ಅನ್ನ ಕೊಟ್ಟಿದ್ದು ಮಂಡಿಯ ನೋವು, ಕಂಪನಿಯಲ್ಲ ಎಂದಳು ಅಕ್ಕ.

ಬಂದ ದುಡ್ಡಿಗೆ ಪಾತ್ರೆಯಿಂದ ಉಳಿಸಿದ್ದನ್ನು ಸೇರಿಸಿ ಅವಳು ಅಂಗಡಿಯನ್ನೇ ಕೊಳ್ಳಲು ಮಾತಾಡಿದಳು. ಮಾಲೀಕ ಒಪ್ಪಿದ. ಕ್ರಯಪತ್ರಕ್ಕೆ ನೋಂದಣಿ ಕಚೇರಿಗೆ ಹೋದ ದಿನ ಅಳಿಯ ಹೊಸ ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ಬಂದಿದ್ದ. ಸಾಕ್ಷಿ ಯಾರು ಎಂದು ಕಚೇರಿಯ ಗುಮಾಸ್ತ ಕೇಳಿದಾಗ ಅಳಿಯ ಒಂದು ಹೆಜ್ಜೆ ಮುಂದೆ ಬಂದ.

"ನೀನಲ್ಲ," ಎಂದಳು ಅಕ್ಕ. "ಅವನು ಹಾಕಲಿ. ಅವನು ಓದದೆ ಹಾಕೋನಲ್ಲ."

ಮುಳ್ಳಣ್ಣ ಕಿಟಕಿಯ ಬೆಳಕಿಗೆ ಹಿಡಿದು ಪತ್ರವನ್ನು ಮೊದಲಿಂದ ಓದಿದ. ಹಿಂದೆ ಸಾಲು ಬೆಳೆಯಿತು, ಗುಮಾಸ್ತ ಎರಡು ಸಲ ಕೆಮ್ಮಿದ. ನಾಲ್ಕನೇ ಪುಟದಲ್ಲಿ ಅಂಗಡಿಯ ಜೊತೆ ಕೈಬದಲಾಗುವ ವಸ್ತುಗಳ ಪಟ್ಟಿಯಿತ್ತು. ಕಬ್ಬಿಣದ ಬಾಗಿಲು ಒಂದು, ನೀರಿನ ತೊಟ್ಟಿ ಒಂದು, ಗ್ಯಾಸ್ ಮೀಟರು ಒಂದು, ಅದರ ನಂಬರು. ಮುಳ್ಳಣ್ಣನ ಬೆರಳು ಅಲ್ಲಿ ನಿಂತಿತು. ನಂಬರಿನ ಕೊನೆಯ ಅಂಕಿ ಏಳು ಎಂದು ಬಿದ್ದಿತ್ತು. ಅದು ಒಂದು. ಇಪ್ಪತ್ತು ವರ್ಷ ಪ್ರತಿ ತಿಂಗಳೂ ಮಂಡಿಯೂರಿ ಓದಿದ ನಂಬರು.

ಒಂದಂಕಿಗೆ ಏನಾಗುತ್ತದೆ ಎಂದ ಗುಮಾಸ್ತ. ಏಳರ ಮೀಟರು ಪಕ್ಕದ ಹೊಲಿಗೆ ಅಂಗಡಿಯದು, ಈ ಪತ್ರದ ಪ್ರಕಾರ ನನ್ನ ಅಕ್ಕ ಅವನ ಮೀಟರು ಕೊಂಡ ಹಾಗಾಗುತ್ತದೆ ಎಂದ ಮುಳ್ಳಣ್ಣ. ಮಾಲೀಕ ನಾಳೆ ಬರಲಾಗುವುದಿಲ್ಲ ಎಂದು ಗೊಣಗಿದ. ಅಕ್ಕ ಅವನತ್ತ ನೋಡಿದಳು, ಬರುತ್ತೇನೆ ಎಂದ.

ಪತ್ರ ತಿದ್ದಲು ಹೋಯಿತು. ಆ ದಿನ ನೋಂದಣಿ ಆಗಲಿಲ್ಲ. ಮರುದಿನ ಹನ್ನೊಂದು ಗಂಟೆಗೆ ಆಯಿತು.